ವಸಡಿನಿಂದ ಹೊರಟ ಕದಿರು: ಒಂದು ಪ್ರಬಂಧಪಟ್ಟಿಯನ್ನು ತಲೆಕೆಳಗಾಗಿ ಓದಿದಾಗ

[ಪರದೆಯ ಮೇಲೆ: ಉದ್ದನೆಯ ಪ್ರಬಂಧಪಟ್ಟಿ ನಿಧಾನವಾಗಿ ಸರಿಯುತ್ತದೆ]

ನಮಸ್ಕಾರ. ವಿಜ್ಞಾನಿಗಳ ಪರಿಚಯದಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಇಷ್ಟು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ ಎಂದು. ಸಂಖ್ಯೆ ದೊಡ್ಡದಾಗಿದ್ದರೆ ತಲೆದೂಗುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಆ ಪಟ್ಟಿಯೊಳಗೆ ನಿಜವಾಗಿ ಏನಿರುತ್ತದೆ ಎಂದು ಒಬ್ಬ ವೀಕ್ಷಕರು ಕೇಳಿದ್ದರು. ಉತ್ತರ ಹುಡುಕಲು ಒಂದು ಪಟ್ಟಿ ಹಿಡಿದು ಕುಳಿತೆ. ಅದು ಯಿಪಿಂಗ್ ಹಾನ್ ಅವರದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ಬಾಯಿಯ ರೋಗಗಳೂ ಆಣ್ವಿಕ ಜೀವವಿಜ್ಞಾನವೂ ಕೂಡುವ ಜಾಗದಲ್ಲಿ ಅವರ ಸಂಶೋಧನೆ.

ಇಂಥ ಪಟ್ಟಿಗಳಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಮೇಲಿನಿಂದ ಓದಿದರೆ ಮೊದಲು ಕಣ್ಣಿಗೆ ಬೀಳುವುದು ಕರುಳಿನ ಕ್ಯಾನ್ಸರ್. ವಸಡಿನ ಸಂಶೋಧಕರಿಗೆ ಕರುಳಿನ ಉಸಾಬರಿ ಏಕೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಟ್ಟಿಯನ್ನು ಕೆಳಗಿನಿಂದ ಓದತೊಡಗಿದೆ.

[ಪರದೆಯ ಮೇಲೆ: 2000]

2000ನೇ ಇಸವಿಯ ಪ್ರಬಂಧ. ಫ್ಯುಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಎಂಬ ಬ್ಯಾಕ್ಟೀರಿಯಾ ಬಾಯಿಯ ಒಳಪದರದ ಜೀವಕೋಶಗಳಿಗೆ ಅಂಟಿಕೊಂಡು ಒಳಗೂ ನುಗ್ಗುತ್ತದೆ ಎಂದು ತೋರಿಸಿದ್ದು. ಹೆಸರು ಉದ್ದವಾಯಿತು. ನಡು ದಪ್ಪ, ಎರಡು ತುದಿಯೂ ಚೂಪು, ನೂಲುವ ಕದಿರಿನಂತೆ. ಲ್ಯಾಟಿನ್ನಿನಲ್ಲಿ ಫ್ಯೂಸಸ್ ಎಂದರೂ ಕದಿರೇ. ಹಾಗಾಗಿ ಇವತ್ತಿನ ಮಟ್ಟಿಗೆ ಇದನ್ನು ಕದಿರು ಎಂದೇ ಕರೆಯುತ್ತೇನೆ. ನಮ್ಮೆಲ್ಲರ ಬಾಯಲ್ಲೂ ಇರುವಂಥದ್ದು. ಹಲ್ಲಿನ ಮೇಲಿನ ಪಾಚಿಯಲ್ಲಿ ಮೊದಲು ಬಂದ ಬ್ಯಾಕ್ಟೀರಿಯಾಗಳನ್ನೂ ಆಮೇಲೆ ಬರುವವನ್ನೂ ಬೆಸೆಯುವ ಕೊಂಡಿ.

ಈ ಪ್ರಬಂಧದಲ್ಲಿ ಲೇಖಕರ ಸಾಲನ್ನೊಮ್ಮೆ ನೋಡಿ. ಹಾನ್ ಅವರ ಹೆಸರು ಮೊದಲಿಗಿದೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗದ ಮೇಜಿನ ಮುಂದೆ ನಿಂತು ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯ ನಡೆಸುವವರದು. ಮುಂದಿನ ವರ್ಷಗಳಲ್ಲಿ ಅವರ ಹೆಸರು ಸಾಲಿನ ಕೊನೆಗೆ ಸರಿಯುತ್ತಾ ಹೋಗುತ್ತದೆ. ಮುಂದೆ ನಿಲ್ಲುವುದು ಅವರ ಪ್ರಯೋಗಾಲಯದ ಕಿರಿಯರ ಹೆಸರು.

[ಪರದೆಯ ಮೇಲೆ: 2004, 2005]

2004ರಲ್ಲಿ ದಾರಿ ತಿರುಗುತ್ತದೆ. ಗರ್ಭಿಣಿ ಇಲಿಗಳ ರಕ್ತಕ್ಕೆ ಕದಿರನ್ನು ಸೇರಿಸಿದರು. ಸೋಂಕು ಮೈಯೆಲ್ಲ ಹರಡಲಿಲ್ಲ, ಗರ್ಭಕೋಶದಲ್ಲೇ ಉಳಿಯಿತು. ಮೊದಲು ಅಲ್ಲಿನ ರಕ್ತನಾಳಗಳಲ್ಲಿ ಕಾಣಿಸಿಕೊಂಡು, ನಾಳದ ಗೋಡೆ ದಾಟಿ, ಕೊನೆಗೆ ಮರಿಗಳ ಸುತ್ತಲಿನ ದ್ರವವನ್ನು ತಲುಪಿತು. ಮರಿಗಳು ಸತ್ತವು.

ಇದಕ್ಕೆ ಇಂಥ ಕೈಚಳಕ ಬಂದದ್ದು ಎಲ್ಲಿಂದ? 2005ರಲ್ಲಿ ಅಂಟುವ ಒಂದು ಪ್ರೋಟೀನನ್ನು ಗುರುತಿಸಿದರು. ಅದರ ಹೆಸರು ಫ್ಯಾಡ್‌ಎ. ಅದರ ಜೀನನ್ನು ತೆಗೆದುಹಾಕಿದ ಕದಿರು ಜೀವಕೋಶಗಳಿಗೆ ಅಂಟುವುದು ಶೇಕಡಾ 70ರಿಂದ 80ರಷ್ಟು ಕಡಿಮೆಯಾಯಿತು.

[ಪರದೆಯ ಮೇಲೆ: 2007, 2009. ಪ್ರೋಟೀನಿನ ಚಿತ್ರ ತಿರುಗುತ್ತದೆ]

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಪ್ರೋಟೀನೆಂದರೆ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಫ್ಯಾಡ್‌ಎ ತಯಾರಾಗುವಾಗ 129 ಅಮೈನೊ ಆಮ್ಲಗಳ ಉದ್ದ ಇರುತ್ತದೆ. ಅವುಗಳಲ್ಲಿ 18 ಕತ್ತರಿಸಿ ಹೋಗಿ, 111ರ ತುಂಡು ಹೊರಗೆ ಬರುತ್ತದೆ. ಉದ್ದನೆಯದು ಕಚ್ಚಾ ಸರಕು, ಗಿಡ್ಡನೆಯದೇ ಅಸಲಿ ಎಂದುಕೊಳ್ಳುವುದು ಸಹಜ. ಆದರೆ ಜೀವಕೋಶಕ್ಕೆ ಅಂಟಿ ಒಳನುಗ್ಗಲು ಎರಡೂ ಬೇಕು, ಅದೂ ಒಂದಕ್ಕೊಂದು ಹೆಣೆದುಕೊಂಡೇ ಬೇಕು ಎಂದು 2007ರ ಪ್ರಬಂಧ ತೋರಿಸಿತು.

2009ರಲ್ಲಿ ಅದರ ಆಕಾರ ಸಿಕ್ಕಿತು. ಎರಡು ಸುರುಳಿಗಳು ಅಕ್ಕಪಕ್ಕ, ನಡುವೆ 8 ಅಮೈನೊ ಆಮ್ಲಗಳ ಒಂದು ತಿರುವು. ಕೂದಲಿಗೆ ಸಿಕ್ಕಿಸುವ ಪಿನ್ನನ್ನು ನೆನೆಸಿಕೊಳ್ಳಿ, ಅದೇ. ಪಿನ್ನಿನ ಎರಡು ಕಾಲುಗಳನ್ನು ಹತ್ತಿರ ಹಿಡಿದಿಟ್ಟಿರುವುದು ಲ್ಯೂಸಿನ್ ಎಂಬ ಅಮೈನೊ ಆಮ್ಲ. ಲ್ಯೂಸಿನ್ನಿಗೆ ನೀರೆಂದರೆ ಆಗದು. ನೀರಿನಲ್ಲಿ ಎಣ್ಣೆಯ ಹನಿಗಳು ಒಂದಕ್ಕೊಂದು ಸೇರುವಂತೆ ಲ್ಯೂಸಿನ್‌ಗಳೂ ಪರಸ್ಪರ ಅಂಟಿಕೊಳ್ಳುತ್ತವೆ. ಅಚ್ಚರಿ ಇರುವುದು ಮುಂದೆ. ಇದೇ ಲ್ಯೂಸಿನ್‌ಗಳು ಒಂದು ಪಿನ್ನಿನ ತಲೆಯನ್ನು ಇನ್ನೊಂದರ ಕಾಲಿಗೂ ಜೋಡಿಸುತ್ತವೆ. ಪಿನ್ನಿಗೆ ಪಿನ್ನು ಸೇರಿ ಉದ್ದನೆಯ ಎಳೆಯಾಗುತ್ತದೆ. ಎರಡು ಪ್ರೋಟೀನುಗಳನ್ನು ಪಕ್ಕಪಕ್ಕಕ್ಕೆ ಬಿಗಿಯುವ ಲ್ಯೂಸಿನ್ ಜಿಪ್ ಜೀವವಿಜ್ಞಾನಕ್ಕೆ ಹಳೆಯ ಪರಿಚಯ. ತಲೆಗೆ ಕಾಲು ಪೋಣಿಸುವ ಈ ಬಗೆ ಹೊಸದು. ಅದಕ್ಕೆ ಲ್ಯೂಸಿನ್ ಸರಪಳಿ ಎಂದು ಹೆಸರಿಟ್ಟರು. ಆಯ್ದ ಕೆಲವು ಲ್ಯೂಸಿನ್‌ಗಳನ್ನು ಬದಲಾಯಿಸಿದಾಗ ಎಳೆ ಸರಿಯಾಗಿ ಬೆಳೆಯಲಿಲ್ಲ, ಜೀವಕೋಶಕ್ಕೆ ಅಂಟುವ ಕಸುವೂ ಕುಗ್ಗಿತು.

[ಪರದೆಯ ಮೇಲೆ: 2010. ಸಂಗೀತ ನಿಲ್ಲುತ್ತದೆ]

ಮುಂದಿನ ಸಾಲನ್ನು ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 2010ರ ಪ್ರಬಂಧ, ಒಬ್ಬ ತಾಯಿಯ ಬಗ್ಗೆ. ದಿನ ತುಂಬಿತ್ತು. ಗರ್ಭಿಣಿಯಾಗಿದ್ದಾಗ ವಸಡು ಊದಿ ರಕ್ತ ಬರುತ್ತಿತ್ತು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಮಾಸುವಿನಲ್ಲೂ ಮಗುವಿನ ದೇಹದಲ್ಲೂ ಕದಿರು ಸಿಕ್ಕಿತು. ಅದು ಬಂದದ್ದು ಎಲ್ಲಿಂದ ಎಂದು ತಾಯಿಯ ದೇಹದ ಬೇರೆ ಬೇರೆ ಜಾಗಗಳಿಂದ ಮಾದರಿ ತೆಗೆದು ಹೋಲಿಸಿದರು. ಯೋನಿಯಲ್ಲಿ ಅದೇ ತಳಿ ಇರಲಿಲ್ಲ. ಗುದದ್ವಾರದಲ್ಲಿ ಇರಲಿಲ್ಲ. ಹಲ್ಲಿನ ಮೇಲೆ ಕಣ್ಣಿಗೆ ಕಾಣುವ ಪಾಚಿಯಲ್ಲೂ ಇರಲಿಲ್ಲ. ಇದ್ದದ್ದು ವಸಡಿನ ಕೆಳಗೆ ಅಡಗಿದ ಪಾಚಿಯಲ್ಲಿ ಮಾತ್ರ.

ಆರು ವರ್ಷದ ಹಿಂದೆ ಇಲಿಗಳಲ್ಲಿ ಕಂಡ ದಾರಿ ಅವರ ಮನಸ್ಸಿನಲ್ಲಿ ಇರದೇ ಹೋಗಿದ್ದರೆ, ಹೆರಿಗೆಯ ದುರಂತದಲ್ಲಿ ವಸಡಿನ ಕೆಳಗಿನಿಂದ ಮಾದರಿ ತೆಗೆಯಬೇಕೆಂದು ಯಾರಿಗೆ ತೋಚುತ್ತಿತ್ತು? ಪ್ರಬಂಧಗಳ ಸಂಖ್ಯೆಯಲ್ಲಿ ಈ ನಂಟು ಎಂದಿಗೂ ಕಾಣುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾವ ತಾಯಿಯೂ ಇದನ್ನು ಕೇಳಿ ತನ್ನನ್ನು ತಾನು ದೂರಿಕೊಳ್ಳಬಾರದು. ಇದು ಒಂದು ಪ್ರಕರಣ. ವಸಡಿಗೆ ಚಿಕಿತ್ಸೆ ಕೊಟ್ಟರೆ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆಯೇ ಎಂದು ಬೇರೆ ತಂಡವೊಂದು ಅಮೆರಿಕದಲ್ಲಿ 823 ಗರ್ಭಿಣಿಯರನ್ನು ಸೇರಿಸಿ ಪರೀಕ್ಷಿಸಿತ್ತು. 2006ರಲ್ಲಿ ಬಂದ ಫಲಿತಾಂಶ: ಗರ್ಭಿಣಿಯರಿಗೆ ಚಿಕಿತ್ಸೆಯಿಂದ ಅಪಾಯವಿಲ್ಲ, ವಸಡೂ ಸುಧಾರಿಸುತ್ತದೆ, ಆದರೆ ಮುಂಚಿತ ಹೆರಿಗೆಗಳು ಕಡಿಮೆಯಾಗಲಿಲ್ಲ. ಎರಡು ಫಲಿತಾಂಶಗಳನ್ನೂ ಒಟ್ಟಿಗೆ ಇಟ್ಟುಕೊಂಡೇ ಯೋಚಿಸಬೇಕು.

[ಪರದೆಯ ಮೇಲೆ: 2011ರಿಂದ 2021]

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 2011: ರಕ್ತನಾಳದ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಕ್ಯಾಡ್ಹೆರಿನ್ ಎಂಬ ಪ್ರೋಟೀನಿಗೇ ಫ್ಯಾಡ್‌ಎ ಕೈ ಹಾಕುತ್ತದೆ. ಬಿಗಿ ಸಡಿಲವಾಗುತ್ತದೆ, ಆ ಸಂದಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ನುಸುಳಬಹುದು. 2012: ಎರಡು ಬೇರೆ ತಂಡಗಳು ಕರುಳಿನ ಗಡ್ಡೆಗಳಲ್ಲಿ ಕದಿರು ಹೆಚ್ಚಾಗಿರುವುದನ್ನು ಕಂಡವು. ಹಾನ್ ತಂಡದ ಕೈಯಲ್ಲಿ ಬೀಗದ ಕೈ ಆಗಲೇ ಇತ್ತು. 2013: ಕರುಳಿನ ಜೀವಕೋಶದಲ್ಲೂ ಫ್ಯಾಡ್‌ಎ ಹಿಡಿಯುವುದು ಇನ್ನೊಂದು ಬಗೆಯ ಕ್ಯಾಡ್ಹೆರಿನ್ನನ್ನೇ, ಅಲ್ಲಿಂದ ಬೆಳೆ ಎಂಬ ಸೂಚನೆ ಜೀವಕೋಶದ ಒಳಕ್ಕೆ ಹೋಗುತ್ತದೆ. ಆ ಹಿಡಿತದ ಜಾಗ ಬರೀ 11 ಅಮೈನೊ ಆಮ್ಲಗಳದ್ದು. ಅದರ ನಕಲು ತುಣುಕೊಂದನ್ನು ಕೊಟ್ಟಾಗ ಪ್ರಯೋಗದಲ್ಲಿ ಫ್ಯಾಡ್‌ಎಯಿಂದಾಗುತ್ತಿದ್ದ ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆ ನಿಂತಿತು. ಮನುಷ್ಯರಲ್ಲಿ ಕದಿರೇ ಕ್ಯಾನ್ಸರ್ ಹುಟ್ಟಿಸುತ್ತದೆ ಎಂದು ಇದರಿಂದ ಹೇಳಲಾಗದು. 2019ರಲ್ಲಿ ಅದೇ ಸೂಚನೆಯ ದಾರಿಯಲ್ಲಿ ಇನ್ನೊಂದು ಪ್ರೋಟೀನು, 2021ರಲ್ಲಿ ಮತ್ತೆ ಆ ಫ್ಯಾಡ್‌ಎ ಎಳೆಗಳೇ.

ಬಾಯಿಂದ ಕರುಳಿಗೆ ಕದಿರು ಹೋಗುವುದು ನುಂಗಿದ ಜೊಲ್ಲಿನ ಜೊತೆಗೋ, ರಕ್ತದಲ್ಲೋ? ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ತಂಡವೊಂದು 2016ರಲ್ಲಿ ಪ್ರಕಟಿಸಿದ ಪ್ರಯೋಗ ರಕ್ತದ ಕಡೆಗೆ ಬೆರಳು ತೋರಿಸಿತು. ಅವರ ಪಟ್ಟಿಯನ್ನು ಈಗಾಗಲೇ ತೆರೆದಿಟ್ಟುಕೊಂಡಿದ್ದೇನೆ, ಕೆಳಗಿನ ಸಾಲಿನಲ್ಲಿದ್ದೇನೆ. ಮುಂದಿನ ವಾರ ಅದು.