ಸುತ್ತಿಗೆ ಎತ್ತುವ ಮುಂಚೆ ತಲೆ ಎತ್ತಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆದುಬಿಟ್ಟರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಲ್ವಾ ಅಂತ ಒಂದು ಸಲ ತಲೆಗೆ ಹೊಕ್ಕರೆ ಮುಗಿಯಿತು, ಆ ಗೋಡೆ ಕಂಡಾಗಲೆಲ್ಲ ಕೈ ತುರಿಸುತ್ತದೆ. ನನಗೂ ತುರಿಸಿತ್ತು.

ಆದರೆ ಕೆಲವು ಗೋಡೆಗಳು ಮೇಲಿನ ತಾರಸಿಯ ಭಾರ ಹೊತ್ತು ನಿಂತಿರುತ್ತವೆ, ಅವನ್ನು ಸುಮ್ನೆ ಒಡೆಯುವ ಹಾಗಿಲ್ಲ. ಯಾವುದು ಅಂಥದ್ದು ಅಂತ ತಿಳಿಯಲು ತುಂಬಾ ಜನ ಗೋಡೆ ತಟ್ಟಿ ಸದ್ದು ಕೇಳುತ್ತಾರೆ. ಟೊಳ್ಳು ಸದ್ದು ಬಂದರೆ ಒಡೆಯಬಹುದು ಅಂತ ಲೆಕ್ಕ. ಪ್ಲಾಸ್ಟರ್ ಬಿಟ್ಟುಕೊಂಡಿದ್ದರೂ ಅದೇ ಸದ್ದು ಬರುತ್ತದೆ! ಇನ್ನು ಕೆಲವರು ದಪ್ಪ ಅಳೆಯುತ್ತಾರೆ. 9 ಇಂಚಿನದು ಭಾರ ಹೊರುತ್ತದೆ, 4.5 ಇಂಚಿನದು ಬರೀ ಅಡ್ಡಗೋಡೆ ಅನ್ನುವುದು ಇಟ್ಟಿಗೆ ಮನೆಗಳಲ್ಲಿ ಹೆಚ್ಚಾಗಿ ನಿಜ, ಯಾವಾಗಲೂ ಅಲ್ಲ. ನೋಡಬೇಕಾದ್ದು ಮೇಲೆ. ಮಹಡಿಯಲ್ಲಿ ಅದೇ ಜಾಗಕ್ಕೆ ಇನ್ನೊಂದು ಗೋಡೆ ನಿಂತಿದೆಯಾ? ನೀರಿನ ಟ್ಯಾಂಕ್ ಕೂತಿದೆಯಾ? ಗೋಡೆಯ ನೆತ್ತಿಯಲ್ಲಿ ಪಿಲ್ಲರಿನಿಂದ ಪಿಲ್ಲರಿಗೆ ಬೀಮ್ ಹಾದಿದೆಯಾ, ಇಲ್ಲ ತಾರಸಿ ನೇರವಾಗಿ ಇಟ್ಟಿಗೆ ಮೇಲೇ ಕೂತಿದೆಯಾ? ಬೀಮ್ ಇದ್ದರೆ ಅರ್ಧ ಸಮಾಧಾನ. ಪಿಲ್ಲರೇ ಇಲ್ಲದ ಹಳೆ ಮನೆಯಾದರೆ ಹೆಚ್ಚುಕಡಿಮೆ ಎಲ್ಲ ಗೋಡೆಯೂ ಏನಾದರೊಂದು ಹೊತ್ತಿರುತ್ತದೆ. ಗೋಡೆಯೇ ಕಾಂಕ್ರೀಟಿನದಾ? ಎತ್ತರದ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಹಾಗಿರುತ್ತದೆ. ಆಸೆ ಬಿಟ್ಟುಬಿಡಿ, ಕಟ್ಟಡವನ್ನು ನಿಲ್ಲಿಸಿರುವುದೇ ಅದು.

ಮೋಸ ಏನಂದ್ರೆ, ಭಾರದ ಗೋಡೆ ಒಡೆದ ದಿನ ಏನೂ ಆಗದೇ ಇರಬಹುದು. "ನೋಡಿದ್ರಾ ಸಾರ್, ಏನೂ ಆಗ್ಲಿಲ್ಲ" ಅಂತ ಮೇಸ್ತ್ರಿ ನಗುತ್ತಾರೆ. ತಾರಸಿ ನಿಧಾನಕ್ಕೆ ಜಗ್ಗುತ್ತದೆ. ಆಮೇಲೆ ಯಾವತ್ತೋ ಮಹಡಿಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮೇಸ್ತ್ರಿ ಮಾತೊಂದೇ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ. ಭಾರದ ಗೋಡೆಯನ್ನೂ ತೆಗೆಯಬಹುದು, ಆದರೆ ಮೊದಲು ಎರಡೂ ಪಕ್ಕದಲ್ಲಿ ಜಾಕಿ ಕೊಟ್ಟು ತಾರಸಿಯನ್ನು ಹಿಡಿದು, ಉಕ್ಕಿನ ಬೀಮ್ ಕೂರಿಸಿ, ಅದರ ಎರಡು ತುದಿಗೂ ಗಟ್ಟಿ ಆಸರೆ ಕೊಟ್ಟು, ಆ ಭಾರ ಪಾಯದವರೆಗೂ ಇಳಿಯುವ ಹಾಗೆ ನೋಡಿಕೊಂಡು.

ಒಡೆಯುವ ದಿನ ಮೇನ್ ಸ್ವಿಚ್ ಆಫ್, ನೀರೂ ಬಂದ್. ಒಳಗೆ ಯಾವ ವೈರು, ಯಾವ ಪೈಪು ಓಡಿದೆಯೋ! ಒಡೆಯುವುದು ಮೇಲಿನಿಂದ ಕೆಳಕ್ಕೆ. ಬುಡಕ್ಕೆ ಹೊಡೆದರೆ ಗೋಡೆ ಮೈಮೇಲೆ ಬರುತ್ತದೆ.

ಇಷ್ಟೆಲ್ಲ ನೋಡಿಕೊಂಡ ನಾನು ಮರೆತದ್ದು ನೆಲವನ್ನು. ಗೋಡೆ ಹೋದ ಮೇಲೆ ಅದರ ಬುಡದಲ್ಲಿ ಟೈಲ್ಸ್ ಇಲ್ಲದ ಉದ್ದನೆ ಪಟ್ಟಿ, ಈಚೆ ನೆಲಕ್ಕೂ ಆಚೆ ನೆಲಕ್ಕೂ ಅರ್ಧ ಇಂಚು ಏರುತಗ್ಗು. ಅದೇ ಟೈಲ್ಸ್ ಎಲ್ಲೂ ಸಿಗಲಿಲ್ಲ. ಕೊನೆಗೆ ಬೇರೆ ಬಣ್ಣದ ಕಲ್ಲಿನ ಪಟ್ಟಿ ಹಾಕಿಸಿದೆ. ಬಂದವರೆಲ್ಲ "ಡಿಸೈನಾ?" ಅಂತ ಕೇಳುತ್ತಾರೆ. ನಾನೂ ಸುಮ್ನೆ ಹೌದು ಅನ್ನುತ್ತೇನೆ. ನಮಸ್ಕಾರ.