ಬೇರೆ ಪೀರಿಯಡ್ ಬೇಡ

ಕೇಳುಗರಿಗೆಲ್ಲ ನಮಸ್ಕಾರ.

ಹೈಸ್ಕೂಲಿನಲ್ಲಿ ಲಿಂಗ ಸಮಾನತೆ, ಸಾಮಾಜಿಕ ನ್ಯಾಯ ಇವನ್ನೆಲ್ಲ ಕಲಿಸುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಗಣಿತದ ಟೀಚರು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತವಳು. ಗಣಿತಕ್ಕೂ ಇದಕ್ಕೂ ಏನು ಸಂಬಂಧ ಅಂತ ಯಾರೋ ಈಗಾಗಲೇ ರೇಡಿಯೋ ಸದ್ದು ಕಡಿಮೆ ಮಾಡಿರಬಹುದು. ದಯವಿಟ್ಟು ಜಾಸ್ತಿ ಮಾಡಿ. ನಿಮಗೇ ಹೇಳಬೇಕಾಗಿರುವುದು.

ನೀವು ಹೇಗೆ ಕೂತಿದ್ದೀರಿ ಅಂತ ನನಗೆ ಗೊತ್ತು. ಮುಂದೆ ಉತ್ತರ ಪತ್ರಿಕೆಗಳ ಕಟ್ಟು, ಕೈಯಲ್ಲಿ ಕೆಂಪು ಪೆನ್ನು. ಪೋರ್ಷನ್ ಇನ್ನೂ ಮುಗಿದಿಲ್ಲ. ಅದರ ಮೇಲೆ ಇದನ್ನು ಬೇರೆ ಕಲಿಸಬೇಕಾ ಅಂತ ತಲೆಬಿಸಿ. ಕಲಿಸಬೇಡಿ. ಹೊಸದಾಗಿ ಏನನ್ನೂ ಕಲಿಸಬೇಡಿ. ಬೇರೆ ಪೀರಿಯಡ್ ಬೇಡ, ಬೇರೆ ಭಾಷಣ ಬೇಡ. ನಾಳೆ ಯಾವ ಪಾಠ ಇದೆಯೋ ಅದರೊಳಗೇ ಮಾಡಿ. ನಾನು ಹೇಳುವುದು ಇದೊಂದೇ. ಆಗಾಗ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವರ್ಷಕ್ಕೊಂದು ದಿನ ಮಕ್ಕಳನ್ನು ಸಾಲಾಗಿ ಕೂರಿಸಿ 'ಗಂಡು ಹೆಣ್ಣು ಸಮಾನ' ಅಂತ ಭಾಷಣ ಮಾಡುತ್ತೇವೆ. ಭಾಷಣ ಮುಗಿದ ಮೇಲೆ ಕುರ್ಚಿ ಎತ್ತಿಡೋದಕ್ಕೆ ಹುಡುಗರನ್ನು ಕರೆಯುತ್ತೇವೆ, ಕಸ ಗುಡಿಸೋದಕ್ಕೆ ಹುಡುಗಿಯರನ್ನು. ಮಕ್ಕಳು ಎರಡರಲ್ಲಿ ಯಾವುದನ್ನು ಕಲಿಯುತ್ತಾರೆ, ನೀವೇ ಹೇಳಿ.

ಈಗ ನನ್ನದೇ ಕತೆ. ಒಂಬತ್ತನೇ ತರಗತಿ, ಸಂಖ್ಯಾಶಾಸ್ತ್ರದ ಪಾಠ. ಸರಾಸರಿ, ಮಧ್ಯಾಂಕ (ಏರಿಕೆ ಕ್ರಮದಲ್ಲಿ ಬರೆದಾಗ ಸರಿಯಾಗಿ ನಡುವೆ ಬರುವ ಸಂಖ್ಯೆ), ಬಹುಲಕ (ಹೆಚ್ಚು ಸಲ ಬರುವ ಸಂಖ್ಯೆ). ಪುಸ್ತಕದಲ್ಲಿ ಯಾವುದೋ ಗಿಡಗಳ ಎತ್ತರದ ಪಟ್ಟಿ ಇತ್ತು. ಆ ಗಿಡ ಎಲ್ಲಿದೆಯೋ, ಯಾರು ಅಳೆದರೋ. ತರಗತಿ ತುಂಬ ಆಕಳಿಕೆ. ನನಗೂ ಸಾಕಾಯ್ತು. ಪುಸ್ತಕ ಮುಚ್ಚಿ, ಈ ಕೋಣೆಯೊಳಗೆ ಏನಾದರೂ ಎಣಿಸಿಕೊಂಡು ನಾಳೆ ಬನ್ನಿ ಅಂದೆ. ಏನು ಬೇಕಾದರೂ ಎಣಿಸಿ.

ಮರುದಿನ ಒಬ್ಬ ಕಿಟಕಿಯ ಸರಳು ಎಣಿಸಿದ್ದ. ಇನ್ನೊಬ್ಬಳು ಚೀಲಗಳ ಬಣ್ಣ ಬರೆದಿದ್ದಳು. ಗೋಡೆ ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಹಾಜರಿ ಕರೆದಾಗ ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಅವಳು ಚೌಕುಳಿ ಹಾಳೆಯೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕಿದ ಟ್ಯಾಲಿ ಕಟ್ಟುಗಳು. ಕೆಳಗೆ ಪುಟ್ಟ ಅಕ್ಷರದಲ್ಲಿ ಹಾಜರಿ ನಂಬರುಗಳು. ತಲೆಬರಹ: 'ಮಿಸ್ ಯಾರನ್ನು ಕೇಳಿದರು'.

ಹುಡುಗರು 24 ಸಲ. ಹುಡುಗಿಯರು 7 ಸಲ.

ತರಗತಿಯಲ್ಲಿ ಇಪ್ಪತ್ತು ಹುಡುಗರು, ಇಪ್ಪತ್ತು ಹುಡುಗಿಯರು. ಟೀಚರು ನಾನು, ಹೆಂಗಸು. ಇಂಥದ್ದೆಲ್ಲ ಗಂಡಸರು ಮಾಡೋದು ಅಂತ ಹಾಯಾಗಿದ್ದವಳು. ಮುಖ ಬಿಸಿಯಾಯ್ತು. ಕೂಡಲೇ ಸಮಜಾಯಿಷಿ ಕೊಟ್ಟೆ: ಹುಡುಗರು ಜಾಸ್ತಿ ಕೈ ಎತ್ತುತ್ತಾರಮ್ಮ, ಅದಕ್ಕೆ. ಅವಳು ಮೆಲ್ಲಗೆ, "ಅದನ್ನೂ ಹಿಂದುಗಡೆ ಬರೆದಿದ್ದೀನಿ ಮಿಸ್" ಅಂದಳು. ಹಾಳೆ ತಿರುಗಿಸಿದೆ. ಹುಡುಗರು ಕೈ ಎತ್ತಿದ್ದು 30 ಸಲ, ಹುಡುಗಿಯರು 14. ಅಂದರೆ ಹುಡುಗ ಕೈ ಎತ್ತಿದರೆ ನೂರಕ್ಕೆ 80 ಸಲ ಅವಕಾಶ. ಹುಡುಗಿ ಎತ್ತಿದರೆ 50.

ಹಾಳೆಯನ್ನು ಡ್ರಾಯರಿಗೆ ಹಾಕಬಹುದಿತ್ತು. ಹಾಕಬೇಕು ಅಂತಲೂ ಅನ್ನಿಸಿತು, ಸುಳ್ಳು ಯಾಕೆ. ಆದರೆ ಅದಕ್ಕಿಂತ ಒಳ್ಳೆಯ ಲೆಕ್ಕ ಯಾವ ಪುಸ್ತಕದಲ್ಲಿತ್ತು? ಬೋರ್ಡಿನ ಮೇಲೆ ಅದನ್ನೇ ಬರೆದೆ. ಒಟ್ಟು 31 ಪ್ರಶ್ನೆ, 40 ಮಕ್ಕಳು. ಸರಾಸರಿ ಮುಕ್ಕಾಲಿಗಿಂತ ಚೂರು ಜಾಸ್ತಿ. ಪರವಾಗಿಲ್ಲ, ಹೆಚ್ಚುಕಮ್ಮಿ ಎಲ್ಲರಿಗೂ ಒಂದೊಂದು ಬಂದ ಹಾಗೆ ಕಾಣುತ್ತದೆ ಅಲ್ವಾ? ಈಗ ಮಧ್ಯಾಂಕ ತೆಗೀರಿ ಅಂದೆ. ನಲವತ್ತು ಮಕ್ಕಳನ್ನೂ ಏರಿಕೆ ಕ್ರಮದಲ್ಲಿ ಬರೆದರು. ಸೊನ್ನೆ, ಸೊನ್ನೆ, ಸೊನ್ನೆ, ಬರೀ ಸೊನ್ನೆಯೇ. ನಡುವಿನ ಜಾಗ ಬಂದರೂ ಸೊನ್ನೆ ಮುಗಿಯಲಿಲ್ಲ. ಮಧ್ಯಾಂಕ ಸೊನ್ನೆ! ಯಾಕೆಂದರೆ ಮುಂದಿನ ಬೆಂಚಿನ ಮೂವರು ಹುಡುಗರೇ 15 ಪ್ರಶ್ನೆ ನುಂಗಿದ್ದರು.

ಆಗ ಕೊನೇ ಬೆಂಚಿನಿಂದ ಒಬ್ಬ, "ಮಿಸ್, ನಾವೂ ಹುಡುಗರೇ, ನಮಗೂ ಸೊನ್ನೆ" ಅಂದ. ಎಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಬೆಂಚಿನವರು ಬೆಳಗ್ಗೆ ಕೆಲಸ ಮುಗಿಸಿ ಬರುವವರು, ದೂರದಿಂದ ನಡೆದು ಬರುವವರು, ಮನೆಯಲ್ಲಿ ಓದಿಸುವವರು ಇಲ್ಲದವರು. ಸಾಮಾಜಿಕ ನ್ಯಾಯ ಅಂತ ದೊಡ್ಡ ಹೆಸರಿಟ್ಟಿದ್ದೇವಲ್ಲ, ಅದು ಆ ಬೆಂಚಿನಲ್ಲಿ ಕೂತಿತ್ತು.

ಸರಾಸರಿ ನಂಬಿದರೆ ಹೇಗೆ ಮೋಸ ಹೋಗುತ್ತೇವೆ ಅನ್ನೋದನ್ನು ಆ ಮಕ್ಕಳಿಗೆ ನಾನು ಮತ್ತೆ ಹೇಳಿಕೊಡಬೇಕಾಗಲೇ ಇಲ್ಲ. ಪೋರ್ಷನ್ ಒಂದು ದಿನವೂ ಹಿಂದೆ ಬೀಳಲಿಲ್ಲ. ಅದೇ ಪಾಠ, ಅದೇ ಪೀರಿಯಡ್. ಬೇರೆ ಪೀರಿಯಡ್ ಬೇಡ ಅಂದೆನಲ್ಲ, ಇದಕ್ಕೇ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನನ್ನ ಕತೆ ಉದ್ದವಾಯಿತು. ಉಳಿದ ವಿಷಯದವರು ಬೇಗ ಬೇಗ ಕೇಳಿಸಿಕೊಳ್ಳಿ.

ಜೀವಶಾಸ್ತ್ರದವರೇ, ಲಿಂಗ ನಿರ್ಧಾರದ ವರ್ಣತಂತುಗಳ ಚಿತ್ರ ಬರೆಸುತ್ತೀರಿ, ಹೆಣ್ಣಿಗೆ ಎಕ್ಸ್ ಎಕ್ಸ್, ಗಂಡಿಗೆ ಎಕ್ಸ್ ವೈ. ಹಿಟ್ಟಿನ ಹುಳುವಿನ ಜೀವಕೋಶ ನೋಡಿ, 1905ರಲ್ಲಿ ಇದನ್ನು ಕಂಡವಳು ನೆಟ್ಟಿ ಸ್ಟೀವನ್ಸ್ ಎಂಬ ಹೆಂಗಸು ಅಂತ ಒಂದು ಮಾತು ಸೇರಿಸಿ. ಅದೇ ವರ್ಷ ಎಡ್ಮಂಡ್ ವಿಲ್ಸನ್ ಎಂಬ ವಿಜ್ಞಾನಿ ಕೂಡ ಬೇರೆಯಾಗಿ ಇದೇ ದಾರಿಯಲ್ಲಿದ್ದರು. ಆಮೇಲೆ ಚಿತ್ರದ ಮೇಲೆ ಬೆರಳಿಟ್ಟು ಕೇಳಿ: ವೈ ಯಾರಿಂದ ಬಂತು? ಅಪ್ಪನಿಂದ. ಹಾಗಾದರೆ ಹೆಣ್ಣು ಮಗು ಹುಟ್ಟಿತು ಅಂತ ತಾಯಿಯನ್ನು ಬೈಯುವವರಿಗೆ ಏನು ಹೇಳೋಣ? ಎರಡು ನಿಮಿಷ ಸಾಕು.

ಭೌತಶಾಸ್ತ್ರದವರು ಪರಮಾಣು ವಿದಳನ, ಅಂದರೆ ಪರಮಾಣುವಿನ ಬೀಜ ಒಡೆಯುವ ಪಾಠ ಮಾಡುವಾಗ ಲೀಸ್ ಮೈಟ್ನರ್ ಎಂಬ ವಿಜ್ಞಾನಿಯ ಹೆಸರು ಬಿಡಬೇಡಿ. ಯಹೂದಿ ಮೂಲದವಳೆಂದು 1938ರಲ್ಲಿ ಜರ್ಮನಿ ಬಿಟ್ಟು ಓಡಬೇಕಾಯಿತು. ಅವಳ ಸಹೋದ್ಯೋಗಿ ಆಟೋ ಹಾನ್ ಬಳಗದ ಪ್ರಯೋಗದಲ್ಲಿ ಆಗಿದ್ದೇನು ಅಂತ ಸಹೋದರಿಯ ಮಗ ಫ್ರಿಶ್ ಜೊತೆ ಸೇರಿ ಬಿಡಿಸಿ ಹೇಳಿದ್ದು ಅವಳು. 1944ರ ರಸಾಯನಶಾಸ್ತ್ರದ ನೊಬೆಲ್ ಹೋಗಿದ್ದು ಆಟೋ ಹಾನ್ ಒಬ್ಬರಿಗೇ. ಹೆಣ್ಣು ಅನ್ನೋದೂ ಹುಟ್ಟು ಅನ್ನೋದೂ ಒಂದೇ ಬದುಕಿನಲ್ಲಿ ಹೇಗೆ ಹೆಣೆದುಕೊಂಡಿರುತ್ತವೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಇತಿಹಾಸದವರು 1789ರ ಫ್ರಾನ್ಸಿನ ಹಕ್ಕುಗಳ ಘೋಷಣೆ ಬಾಯಿಪಾಠ ಮಾಡಿಸುತ್ತೀರಿ. ಅದರಲ್ಲಿ ಹೆಂಗಸರು ಎಲ್ಲಿ ಅಂತ ಕೇಳುತ್ತ, ಒಲಾಂಪ್ ದ ಗೂಜ್ ಎಂಬ ಲೇಖಕಿ 1791ರಲ್ಲಿ ಮಹಿಳೆಯರ ಹಕ್ಕುಗಳ ಘೋಷಣೆ ಬರೆದಳು. 1793ರಲ್ಲಿ ಅವಳ ತಲೆ ಕಡಿದರು. ಪೌರನೀತಿಯಲ್ಲಿ ಎರಡೇ ಇಸವಿ ಬೋರ್ಡಿನ ಮೇಲೆ ಬರೆಯಿರಿ. ದೇಶಮಟ್ಟದ ಚುನಾವಣೆಯಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ 1893, ಸ್ವಿಟ್ಜರ್ಲೆಂಡಿನಲ್ಲಿ 1971. ನಡುವೆ ಎಷ್ಟು ವರ್ಷ ಅಂತ ಮಕ್ಕಳೇ ಕಳೆಯಲಿ. ಅರ್ಥಶಾಸ್ತ್ರದಲ್ಲಿ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕ ಬಂದಾಗ, ಅಮ್ಮ ಮನೆಯಲ್ಲಿ ಮಾಡುವ ಅಡುಗೆ ಅದರಲ್ಲಿ ಯಾಕಿಲ್ಲ, ಅದನ್ನೇ ಹೋಟೆಲಿನಲ್ಲಿ ಮಾಡಿದರೆ ಯಾಕೆ ಸೇರುತ್ತದೆ ಅಂತ ಕೇಳಿ. ಭಾಷೆಯವರಿಗೆ ಇನ್ನೂ ಹೇಳಬೇಕಿತ್ತು, ಸಮಯ ಇಲ್ಲ, ಕ್ಷಮಿಸಿ. ನಿಮ್ಮ ಪಾಠಗಳಲ್ಲಿ ಯಾರು ಮಾತಾಡುತ್ತಾರೆ, ಯಾರು ಬರೀ ಅಳುತ್ತಾರೆ ಅಂತ ಗುರುತು ಹಾಕಿಸಿ, ಅಷ್ಟೇ.

ಕೊನೆಯದು ಎಲ್ಲ ವಿಷಯಕ್ಕೂ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ? ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳಲ್ಲಿ ಇದನ್ನು ಅಳೆದರು. ಸಾಮಾನ್ಯವಾಗಿ ಒಂದೇ ಸೆಕೆಂಡು. ಅದನ್ನು ಮೂರು ಮಾಡಿದಾಗ ಉತ್ತರ ಉದ್ದವಾಯಿತು, ಸುಮ್ನೆ ಕೂತಿದ್ದವರೂ ಬಾಯಿ ಬಿಟ್ಟರು. ಮೂರು ಸೆಕೆಂಡು ಅಂದರೆ ಎಷ್ಟು, ಕೇಳಿ.

...

ಇಷ್ಟು. ರೇಡಿಯೋ ಕೆಟ್ಟಿತು ಅಂದುಕೊಂಡಿರಿ, ಅಲ್ವಾ? ತರಗತಿಯಲ್ಲೂ ಹಾಗೇ ಅನ್ನಿಸುತ್ತದೆ. ಆದರೂ ಕಾಯಿರಿ.

ಆ ಹುಡುಗಿ ವರ್ಷದ ಕೊನೆಗೆ, ನಾನು ಕೇಳದೆಯೇ ಇನ್ನೊಮ್ಮೆ ಎಣಿಸಿದಳು. ಹುಡುಗರು 19, ಹುಡುಗಿಯರು 16. ಮಧ್ಯಾಂಕ ಒಂದು. ನನಗೆ ಹೆಮ್ಮೆ. ಆದರೆ ಒಂದು ಹಾಜರಿ ನಂಬರಿನ ಸುತ್ತ ಪೆನ್ಸಿಲಿನಲ್ಲಿ ವೃತ್ತ ಹಾಕಿದ್ದಳು. ಎರಡೂ ಸಲ ಸೊನ್ನೆ. ಕೊನೇ ಬೆಂಚಿನ ಹುಡುಗ. ಹೆಸರೇನು ಅಂತ ನೋಡಲು ನಾನು ಹಾಜರಿ ಪುಸ್ತಕ ತೆಗೆಯಬೇಕಾಯಿತು.

ನಮಸ್ಕಾರ.