ಕಾಫಿ ದೊರೆಗಳು ದೇಶ ಆಳಿದ ಕಾಲ: ಒಲಿಗಾರ್ಕ್ ಅಂದರೆ ಯಾರು?

[ದೃಶ್ಯ: ಸುಂಟಿಕೊಪ್ಪ ಹತ್ತಿರದ ತೋಟ. ಕಣದಲ್ಲಿ ಹರಡಿದ ರೊಬಸ್ಟಾ ಚೆರಿ.]

ನಮಸ್ಕಾರ. ಇದು ನಮ್ಮ ಮನೆಯ ಕಣ. ಈ ಸದ್ದು ಕೇಳಿ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಬೇಳೆ ಗಲಗಲ ಅಂದರೆ ಚೆರಿ, ಅಂದರೆ ಕಾಫಿ ಹಣ್ಣು, ಒಣಗಿದೆ ಅಂತ ಲೆಕ್ಕ. ಇನ್ನು ಸ್ವಲ್ಪ ಹೊತ್ತಿಗೆ ವ್ಯಾಪಾರಿ ಬರುತ್ತಾರೆ. ಒಂದಿಷ್ಟು ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಬೇಳೆಯನ್ನು ತೂಕಕ್ಕೆ ಹಾಕುತ್ತಾರೆ. 50 ಕೆಜಿ ಚೀಲಕ್ಕೆ 28 ಕೆಜಿ ಬೇಳೆ ಬೀಳುವ ಹಾಗಿದ್ದರೆ ಓಟಿ, ಅಂದರೆ ಔಟ್‌ಟರ್ನ್, 28. ಆಮೇಲೆ ಮೊಬೈಲ್ ತೆಗೆದು ಲಂಡನ್ ಕಾಫಿ ಮಾರುಕಟ್ಟೆಯ ರೇಟು ನೋಡುತ್ತಾರೆ. ವರ್ಷವಿಡೀ ನಾವು ಮಾಡಿದ ಕೆಲಸಕ್ಕೆ ಬೆಲೆ ಎಷ್ಟು ಅನ್ನುವುದು ಆ ಪರದೆಯ ಮೇಲೆ ಇರುತ್ತದೆ.

ಮೊನ್ನೆ ಇದೇ ಕಣದಲ್ಲಿ ಕೂತಿದ್ದಾಗ ತಂಗಿಯ ಮಗ ಕೇಳಿದ: "ಮಾಮ, ನ್ಯೂಸಲ್ಲಿ ಒಲಿಗಾರ್ಕ್ ಒಲಿಗಾರ್ಕ್ ಅಂತಾರಲ್ಲ, ದೊಡ್ಡ ಸಾಹುಕಾರ ಅಂತಾನಾ?" ಸಾಹುಕಾರ ಅಂದುಬಿಟ್ಟರೆ ಅರ್ಧ ಉತ್ತರ ಕೊಟ್ಟ ಹಾಗೆ. ಗ್ರೀಕ್ ಭಾಷೆಯಲ್ಲಿ ಒಲಿಗಾರ್ಕಿ ಅಂದರೆ ಕೆಲವೇ ಜನರ ಆಳ್ವಿಕೆ. ಎಷ್ಟು ಜನ ಅನ್ನುವುದಕ್ಕಿಂತ, ಉಳ್ಳವರು ಆಳುವುದೇ ಒಲಿಗಾರ್ಕಿಯ ಗುರುತು ಅಂತ ಅರಿಸ್ಟಾಟಲ್ ಆಗಲೇ ಹೇಳಿದ್ದ. ದುಡ್ಡಿರುವವನು ಚುನಾವಣೆಗೆ ನಿಲ್ಲದೆಯೇ ಕಾನೂನು ಬರೆಸಬಲ್ಲ, ತನ್ನ ನಷ್ಟವನ್ನು ಊರಿನ ಲೆಕ್ಕಕ್ಕೆ ಹಾಕಬಲ್ಲ ಅಂತಾದರೆ ಅವನು ಒಲಿಗಾರ್ಕ್. ರಷ್ಯಾದ ಕಥೆಗೆ ಆಮೇಲೆ ಬರುತ್ತೇನೆ. ಕೊಡಗಿನವನಾಗಿ ನನಗೆ ಇದು ಅರ್ಥವಾಗಿದ್ದು ಕಾಫಿಯ ಕಥೆಯಿಂದ. ಬ್ರೆಜಿಲ್‌ನಿಂದ ಶುರು ಮಾಡೋಣ.

[ದೃಶ್ಯ: ಬ್ರೆಜಿಲ್ ನಕಾಶೆ. ಸಾವೊ ಪಾಲೊ, ಮಿನಾಸ್ ಜೆರಾಯಿಸ್ ಬಣ್ಣ ತುಂಬಿಕೊಳ್ಳುತ್ತವೆ.]

1889ರಲ್ಲಿ ಬ್ರೆಜಿಲ್ ಗಣರಾಜ್ಯವಾಯಿತು. ಅಲ್ಲಿಂದ 1930ರವರೆಗಿನ ರಾಜಕೀಯಕ್ಕೆ ಅಲ್ಲಿನ ಜನ ಇಟ್ಟ ಹೆಸರು "ಹಾಲು ಹಾಕಿದ ಕಾಫಿ". ಸಾವೊ ಪಾಲೊ ಕಾಫಿ ದೊರೆಗಳ ರಾಜ್ಯ, ಮಿನಾಸ್ ಜೆರಾಯಿಸ್ ಹೈನುಗಾರಿಕೆಯ ರಾಜ್ಯ. ಅಧ್ಯಕ್ಷ ಗಾದಿ ಹೆಚ್ಚುಕಮ್ಮಿ ಇವರಿಬ್ಬರ ನಡುವೆಯೇ ಓಡಾಡುತ್ತಿತ್ತು. ಮತದಾನವೇನೋ ಇತ್ತು, ಆದರೆ ಓದುಬರಹ ಬಲ್ಲ ಗಂಡಸರಿಗೆ ಮಾತ್ರ, ಅದೂ ಗುಟ್ಟಾಗಿ ಅಲ್ಲ. ಯಾರಿಗೆ ಹಾಕಿದೆ ಅನ್ನುವುದು ಎದುರಿಗೆ ನಿಂತ ಧಣಿಯ ಕಡೆಯವರಿಗೆ ಗೊತ್ತಾಗುತ್ತಿತ್ತು. ದುಡಿಯುವುದು ಧಣಿಯ ತೋಟದಲ್ಲಿ, ಮನೆ ಅವನದೇ ಜಾಗದಲ್ಲಿ, ಸಾಲ ಅವನದೇ ಅಂಗಡಿಯಲ್ಲಿ. ಅಂಥವನ ಮತ ಎಲ್ಲಿಗೆ ಹೋದೀತು? ಪ್ರಾಣಿಗೆ ಕಟ್ಟುವ ಹಗ್ಗದ ಹೆಸರಲ್ಲೇ ಅವರು ಅದನ್ನು ಕರೆದರು. ನಮ್ಮ ಮಾತಲ್ಲಿ ಹೇಳಬೇಕೆಂದರೆ ಮೂಗುದಾರದ ವೋಟು.

ಈಗ 1906ಕ್ಕೆ ಬನ್ನಿ. ಬೆಳೆ ವಿಪರೀತ, ಬೆಲೆ ಪಾತಾಳಕ್ಕೆ. ತೌಬಾತೆ ಅನ್ನುವ ಊರಿನಲ್ಲಿ ಮೂರು ಕಾಫಿ ರಾಜ್ಯಗಳು ಸೇರಿ ಒಪ್ಪಂದ ಮಾಡಿಕೊಂಡವು: ಹೆಚ್ಚುವರಿ ಕಾಫಿಯನ್ನು ಸರ್ಕಾರವೇ ಕೊಂಡು ಗೋದಾಮಿನಲ್ಲಿ ಇಡಬೇಕು, ಅದಕ್ಕೆ ವಿದೇಶಿ ಸಾಲ ತರಬೇಕು. ಬೆಳೆಗಾರನಾಗಿ ನಾನು ಬೆಲೆ ಬೆಂಬಲವೇ ತಪ್ಪು ಅನ್ನಲಾರೆ. ಬೆಲೆ ಬಿದ್ದ ವರ್ಷ ಮನೆಯಲ್ಲಿ ಹೇಗಿರುತ್ತದೆ ಅಂತ ಕಂಡಿದ್ದೇನೆ. ಆದರೆ ಅಲ್ಲಿ ತೀರ್ಮಾನ ಮಾಡಿದವರೂ ಲಾಭ ಪಡೆದವರೂ ಒಂದೇ ಮನೆತನಗಳ ಜನ. ಸಾಲದ ಹೊರೆ ಮಾತ್ರ ಇಡೀ ದೇಶದ್ದು. ಬೆಲೆಗೆ ಆಸರೆ ಸಿಕ್ಕಿತು ಅಂತ ದೊರೆಗಳು ಇನ್ನಷ್ಟು ಗಿಡ ನೆಟ್ಟರು. 1929ರಲ್ಲಿ ಜಗತ್ತಿನ ಮಾರುಕಟ್ಟೆ ಕುಸಿಯಿತು. 1930ರಲ್ಲಿ ಸಾವೊ ಪಾಲೊದವರು ಸರದಿ ಮುರಿದು ತಮ್ಮವನನ್ನೇ ಮತ್ತೆ ಅಧ್ಯಕ್ಷನಾಗಿಸಲು ಹೊರಟಾಗ ಮಿನಾಸ್ ತಿರುಗಿ ಬಿತ್ತು, ದಂಗೆಯಾಯಿತು, ಗೆಟೂಲಿಯೊ ವರ್ಗಾಸ್ ಅಧಿಕಾರಕ್ಕೆ ಬಂದರು. ಗುಟ್ಟಿನ ಮತದಾನ ಕಾನೂನಾಗಿದ್ದು 1932ರಲ್ಲಿ. ಬೆಲೆ ಎತ್ತಲು 1931ರಿಂದ 1944ರವರೆಗೆ 60 ಕೆಜಿಯ ಸುಮಾರು 7.8 ಕೋಟಿ ಚೀಲ ಕಾಫಿಯನ್ನು ನಾಶ ಮಾಡಿದರು, ಹೆಚ್ಚಿನದನ್ನು ಸುಟ್ಟೇ ಹಾಕಿದರು. ಭಾರತದ ಈಗಿನ ಬೆಳೆಯ ಲೆಕ್ಕದಲ್ಲಿ ಅದು ಸುಮಾರು ಹದಿಮೂರು ವರ್ಷದ ಕಾಫಿ. ನಾವು ಒಂದು ಉದುರಿದ ಹಣ್ಣನ್ನೂ ಬಿಡದೆ ಆರಿಸುವವರು, ಈ ಸಂಖ್ಯೆ ಓದಿದಾಗ ನನಗೆ ಹೊಟ್ಟೆ ಕಲಕಿತು.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನದು ಇನ್ನೂ ಕಹಿ. ಐದು ಕೊಡಗು ಸೇರಿಸಿದರೆ ಎಷ್ಟೋ ಅಷ್ಟೇ ದೊಡ್ಡ ದೇಶ. 1881 ಮತ್ತು 1882ರ ಕಾನೂನುಗಳು ಊರೊಟ್ಟಿನ ಸಮುದಾಯ ಭೂಮಿಯನ್ನು ರದ್ದು ಮಾಡಿದವು. ಬೆಟ್ಟದ ಒಳ್ಳೊಳ್ಳೆ ಕಾಫಿ ಜಾಗ ಕೆಲವೇ ಕುಟುಂಬಗಳ ಕೈ ಸೇರಿತು. "ಹದಿನಾಲ್ಕು ಕುಟುಂಬ" ಅಂತ ಇಂದಿಗೂ ಅಲ್ಲಿ ಮಾತಿದೆ. ಬೆಲೆ ಕುಸಿದ ಮೇಲೆ 1932ರ ಜನವರಿಯಲ್ಲಿ ಕೂಲಿಕಾರ ರೈತರು ಎದ್ದು ನಿಂತರು. ಸೇನೆ ಕೊಂದದ್ದು ಸಾವಿರಾರು ಜನರನ್ನು, ಅವರಲ್ಲಿ ಬಹುಪಾಲು ಮೂಲನಿವಾಸಿಗಳು.

[ದೃಶ್ಯ: ಮತ್ತೆ ಕೊಡಗು. ಗದ್ದೆ, ಐನ್‌ಮನೆ, ಕಾಡಂಚಿನ ತೋಟ.]

ಕೊಡಗು ಹಾಗಾಗಲಿಲ್ಲ. ಯಾಕೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಒಂದು ಕಾರಣ ಜಮ್ಮಾ ಭೂಮಿ. ಒಕ್ಕದ, ಅಂದರೆ ಇಡೀ ಮನೆತನದ, ಹೆಸರಲ್ಲಿದ್ದ ಆ ಭೂಮಿಯನ್ನು ಸುಲಭವಾಗಿ ಮಾರುವಂತಿರಲಿಲ್ಲ, ಹಾಗಾಗಿ ಒಬ್ಬನೇ ಸಾಹುಕಾರ ಸುತ್ತಲಿನದ್ದನ್ನೆಲ್ಲ ನುಂಗಲು ಆಗಲಿಲ್ಲ. ದೊಡ್ಡ ಕಂಪನಿ ತೋಟಗಳು ಇಲ್ಲೂ ಇವೆ, ಆದರೂ ಇಡೀ ದೇಶ ತೆಗೆದುಕೊಂಡರೆ ಶೇ. 98ಕ್ಕೂ ಹೆಚ್ಚು ಹಿಡುವಳಿಗಳು ಹತ್ತು ಹೆಕ್ಟೇರ್ ಒಳಗಿನವು. ಇನ್ನೊಂದು ಕಾರಣ 1942ರ ಕಾಫಿ ಕಾಯ್ದೆ. ಯುದ್ಧದಿಂದ ರಫ್ತು ನಿಂತಾಗ ಕಾಫಿ ಬೋರ್ಡ್ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ತಾನೇ ಮಾರಲು ಒಂದೇ ಪೂಲ್‌ಗೆ ತೆಗೆದುಕೊಂಡಿತು. ಎರಡು ಎಕರೆಯವನಿಗೂ ಸಾವಿರ ಎಕರೆಯವನಿಗೂ ಅದೇ ಪೂಲ್. ಹಣ ಕಂತು ಕಂತಾಗಿ ಬರುತ್ತಿತ್ತು, ಕಾದು ಸಾಕಾಗುತ್ತಿತ್ತು ಅಂತ ಅಜ್ಜ ಬೈಯುತ್ತಲೇ ಇದ್ದರು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ನಮ್ಮ ಮನೆಯಲ್ಲಿ ಖುಷಿಪಟ್ಟಿದ್ದರು. ಐದೇ ವರ್ಷಕ್ಕೆ ಜಾಗತಿಕ ಬೆಲೆ ಮಕಾಡೆ ಬಿದ್ದಾಗ ಮಾತ್ರ ಮೊರೆ ಹೋಗಲು ಹಳೆಯ ಪೂಲ್ ಇರಲಿಲ್ಲ.

ಈಗ ರಷ್ಯಾ, ಚುಟುಕಾಗಿ. 1992ರಲ್ಲಿ ಪ್ರತಿ ಪ್ರಜೆಗೂ ಸರ್ಕಾರಿ ಆಸ್ತಿಯಲ್ಲಿ ಪಾಲು ಅಂತ ವೋಚರ್ ಹಂಚಿದರು. ಹಣದುಬ್ಬರದಲ್ಲಿ ತತ್ತರಿಸಿದ ಜನ ಅದನ್ನು ಮೂರು ಕಾಸಿಗೆ ಮಾರಿಕೊಂಡರು. 1995ರಲ್ಲಿ ಸರ್ಕಾರ ಬ್ಯಾಂಕ್ ಧಣಿಗಳಿಂದ ಸಾಲ ಪಡೆದು ಎಣ್ಣೆ, ಲೋಹದ ಕಂಪನಿಗಳ ಷೇರು ಅಡವಿಟ್ಟಿತು. ಸಾಲ ತೀರಿಸಲಿಲ್ಲ, ಷೇರು ಧಣಿಗಳ ಪಾಲಾಯಿತು. ಸಿಬ್‌ನೆಫ್ಟ್ ಅನ್ನುವ ಎಣ್ಣೆ ಕಂಪನಿಯ ಶೇ. 51 ಹೋಗಿದ್ದು ಸುಮಾರು 10 ಕೋಟಿ ಡಾಲರ್‌ಗೆ. ಹತ್ತು ವರ್ಷ ಬಿಟ್ಟು, 2005ರಲ್ಲಿ, ಅದೇ ಕಂಪನಿಯ ಮುಕ್ಕಾಲು ಭಾಗವನ್ನು ಸರ್ಕಾರದ ಗ್ಯಾಜ್‌ಪ್ರೋಮ್ ಕೊಂಡಿದ್ದು ಸುಮಾರು 1,300 ಕೋಟಿ ಡಾಲರ್ ಕೊಟ್ಟು. ನಡುವೆ, 1996ರ ಚುನಾವಣೆಯಲ್ಲಿ, ಆ ಧಣಿಗಳ ಹಣ ಮತ್ತು ಟಿವಿ ಚಾನೆಲ್‌ಗಳೇ ಅಧ್ಯಕ್ಷ ಯೆಲ್ಟ್‌ಸಿನ್‌ಗೆ ಆಸರೆಯಾದವು.

ನಮ್ಮಲ್ಲಿ? ವಿಧಾನಸಭೆ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಮಡಿಕೇರಿಗೂ ವಿರಾಜಪೇಟೆಗೂ ಅದೇ ಮಿತಿ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹಿಂದೆ ಕಂಪನಿಯೊಂದು ತನ್ನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 7.5ರಷ್ಟನ್ನು ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ತೆಗೆದರು, ಚುನಾವಣಾ ಬಾಂಡ್ ತಂದರು. ಸುಮಾರು 16,500 ಕೋಟಿ ರೂಪಾಯಿ ಆ ದಾರಿಯಲ್ಲಿ ಹರಿಯಿತು, ಕೊಟ್ಟವರು ಯಾರು ಅಂತ ಮತದಾರನಿಗೆ ಗೊತ್ತಾಗದ ಹಾಗೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಎರಡನ್ನೂ ಅಸಾಂವಿಧಾನಿಕ ಅಂದಿತು. ನನ್ನ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ಮತದಾರನಿಗೆ ಸಿಕ್ಕ ದೊಡ್ಡ ತೀರ್ಪು ಅದು. ಆದರೂ 2023ರ ನಮ್ಮ ವಿಧಾನಸಭೆಯ 223 ಶಾಸಕರ ಅಫಿಡವಿಟ್‌ಗಳನ್ನು ಚುನಾವಣೆಗಳ ಮೇಲೆ ಕಣ್ಣಿಡುವ ಎಡಿಆರ್ ಸಂಸ್ಥೆ ನೋಡಿದಾಗ 217 ಮಂದಿ ಕೋಟ್ಯಧಿಪತಿಗಳು. ಎರಡು ಎಕರೆ ತೋಟದವನಾಗಲಿ, ಕಾಫಿ ಕೊಯ್ಯುವವಳಾಗಲಿ ಆ ಸಾಲಿನಲ್ಲಿ ಕಾಣುವುದು ಹೇಗೆ?

[ದೃಶ್ಯ: ತೋಟದ ಲೈನ್ ಮನೆಗಳು. ಮುಖಗಳು ಬೇಡ.]

ಹೇಳಲೇಬೇಕಾದ ಇನ್ನೊಂದು ಮಾತು. ಜಮ್ಮಾ ನಮ್ಮಂಥ ಕುಟುಂಬಗಳನ್ನು ಕಾಪಾಡಿತು, ಪೂಲ್ ನಮ್ಮನ್ನು ಕಾಪಾಡಿತು. ಆದಿವಾಸಿಗಳಾದ ಯರವರಿಗೆ, ಜೇನುಕುರುಬರಿಗೆ ಅವೆರಡರಲ್ಲೂ ಜಾಗವಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಇಡೀ ರಾಜ್ಯಕ್ಕೆ ಗೊತ್ತಾಯಿತು: ಅವರಲ್ಲಿ ಎಷ್ಟೋ ಜನ ತಲೆಮಾರುಗಳಿಂದ ತೋಟದ ಧಣಿ ಕೊಟ್ಟ ಲೈನ್ ಮನೆಯಲ್ಲಿದ್ದು, ಸ್ವಂತಕ್ಕೊಂದು ತುಂಡು ನೆಲ ಬೇಕು ಅಂತ ಹೊರಬಂದವರು.

ನಮ್ಮ ತೋಟದಲ್ಲೂ ಲೈನ್ ಇದೆ. ಅಲ್ಲಿರುವ ಅಕ್ಕ ಮೊನ್ನೆ ತನ್ನ ವೋಟರ್ ಕಾರ್ಡ್ ತೋರಿಸಿದಳು. ವಿಳಾಸದ ಜಾಗದಲ್ಲಿ ಇದ್ದದ್ದು ನಮ್ಮ ತೋಟದ ಹೆಸರು. ನಾಳೆ ಅವಳು ಕೆಲಸ ಬಿಟ್ಟರೆ ಮನೆಯ ಜತೆ ವಿಳಾಸವೂ ಹೋಗುತ್ತದೆ. ಬ್ರೆಜಿಲ್‌ನ ಆ ಹಗ್ಗ ನನಗೆ ತಟ್ಟನೆ ನೆನಪಾಗಿದ್ದು ಆಗ, ಅದರ ಒಂದು ತುದಿ ನಮ್ಮ ಮನೆಯ ಕೈಯಲ್ಲೇ ಇತ್ತು. ಮನೆಯಲ್ಲಿ ಈ ಬಗ್ಗೆ ಮಾತಾಡಿದ್ದೇವೆ, ಎಲ್ಲರೂ ಒಪ್ಪಿಲ್ಲ. ಈ ಸೋಮವಾರ ನಾನು ಅವಳ ಜತೆ ಪಂಚಾಯಿತಿಗೆ ಹೋಗುತ್ತಿದ್ದೇನೆ, ನಿವೇಶನಕ್ಕೆ ಅರ್ಜಿ ಹಾಕಲು. ಅರ್ಜಿ ತುಂಬಿ ಆಗಿದೆ, ಖಾಯಂ ವಿಳಾಸ ಅನ್ನುವ ಒಂದು ಸಾಲು ಬಿಟ್ಟು.